ಸಾಮಿಗೆ ತಿಳಿಯದ ಮಾತು

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಆ ಶುಕ್ರವಾರ ಪಾಂಡಿಯಮ್ಮಾಳ್ ಒಂದು ಕಡೆ ನಿಂತವಳಲ್ಲ. ಒಲೆ ಹಚ್ಚಿದಳು, ಆರಿಸಿದಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ತಮಿಳುನಾಡಿನ ಕಣಿವೆಯೂರು ಓಡೈಪಟ್ಟಿಯ ಕನ್ನಡದವರಲ್ಲಿ ತಾತನ ಕಾಲಕ್ಕೇ ಕ್ರೈಸ್ತರಾದದ್ದು ಅವಳ ಗಂಡನ ಮನೆತನವೊಂದೇ. ಚರ್ಚಿನಲ್ಲಿ ಹೂವಿನಿಂದ ಹಿಡಿದು ಜಪಮಾಲೆಯವರೆಗೆ ಎಲ್ಲದಕ್ಕೂ ಅವಳೇ ಮುಂದು. ಅಂಥವಳ ಹೊಟ್ಟೆಯಲ್ಲಿ ಎರಡು ವರ್ಷದಿಂದ ಒಂದು ಮಾತು ಕೊಳೆಯುತ್ತಿತ್ತು.

ಅವಳ ಮಗಳನ್ನು ನೋಡಿ ಬೇಡವೆಂದ ಬೋಡಿ ಊರಿನ ಗಂಡಿನವರು ಮರುವಾರವೇ ಓರಗಿತ್ತಿ ಅಳಗಮ್ಮಾಳ ಮಗಳು ಯುವಶ್ರೀಯನ್ನು ಒಪ್ಪಿದ್ದರು. ಹೊಟ್ಟೆಕಿಚ್ಚು ತಡೆಯಲಾರದೆ ಪಾಂಡಿಯಮ್ಮಾಳ್, ಹುಡುಗಿಗೆ ಮೂರ್ಛೆರೋಗ ಇದೆಯೆಂದು ಅವರ ಕಿವಿ ಕಚ್ಚಿದಳು. ಮದುವೆ ಮುರಿಯಿತು. ಸುದ್ದಿ ಕಣಿವೆಯೆಲ್ಲ ಹಬ್ಬಿ, ಆಮೇಲೆ ಯಾರೂ ಯುವಶ್ರೀಯನ್ನು ಕೇಳಿಕೊಂಡು ಬರಲಿಲ್ಲ.

ಇದನ್ನು ಪಾಪನಿವೇದನೆಯಲ್ಲಿ ಹೇಳದೆ ಪ್ರಸಾದ ತೆಗೆದುಕೊಂಡರೆ ಗಂಟಲಲ್ಲಿ ಇಳಿಯದು. ಹೇಳಿದರೆ ಪಾದ್ರಿ ಸಾಮಿಯ ಮುಂದೆ ಮಾನ ಉಳಿಯದು. ಕೊನೆಗೊಂದು ಉಪಾಯ ಹೊಳೆಯಿತು, ಆ ಕಣಿವೆಯ ಕನ್ನಡದವರಿಗಲ್ಲದೆ ಇನ್ಯಾರಿಗೂ ಹೊಳೆಯದಂಥದು. ಹೊಸ ಸಾಮಿ ದಿಂಡಿಗಲ್ಲಿನ ತಮಿಳರು. ಕನ್ನಡದಲ್ಲಿ ಹೇಳಿಬಿಟ್ಟರೆ ದೇವರಿಗೆ ತಿಳಿಯುತ್ತದೆ, ಸಾಮಿಗೆ ತಿಳಿಯುವುದಿಲ್ಲ!

ಸಂಜೆ ಚರ್ಚಿನಲ್ಲಿ ಸಾಮಿ ಕೂತ ಜಾಲರಿಯ ಈಚೆ ಮೊಣಕಾಲೂರಿ ಎಲ್ಲವನ್ನೂ ಮನೆಮಾತಿನಲ್ಲಿ ಸುರಿದಳು. ಪ್ರತಿ ವರ್ಷ ತಮಿಳಿನಲ್ಲಿ ‘ಕೋಪಿಸಿಕೊಂಡೆ, ಸುಳ್ಳಾಡಿದೆ’ ಎಂದು ಒಪ್ಪಿಸುವಾಗ ಬಾರದ ಅಳು ಈಗ ಬಂತು. ಅವಳಿಗೇ ಗಾಬರಿಯಾಯಿತು.

ಸಾಮಿ ತಮಗೊಂದು ಅಕ್ಷರವೂ ತಿಳಿಯಲಿಲ್ಲ ಎಂದು ತಮಿಳಿನಲ್ಲಿ ಒಪ್ಪಿಕೊಂಡರು. ಅಷ್ಟು ಓದಿದ ಮನುಷ್ಯ ಬಿಗುಮಾನವಿಲ್ಲದೆ ಹಾಗೆ ಹೇಳಿದ್ದು ಕೇಳಿ ಅವಳಿಗೆ ತನ್ನ ಜಾಣತನದ ಮೇಲೆ ನಾಚಿಕೆಯಾಯಿತು. ಅಳುವೇನೋ ತಿಳಿಯಿತು, ಅದು ಸಾಕು ಎಂದು ಪಾಪಕ್ಷಮೆ ಕೊಟ್ಟರು. ಆಮೇಲೆ ಪ್ರಾಯಶ್ಚಿತ್ತ ಹೇಳಿದರು.

“ಇದೇ ಮಾತನ್ನ ಇದೇ ಭಾಷೇಲಿ, ಅರ್ಥ ಆಗೋರ ಹತ್ರ ಹೋಗಿ ಹೇಳಮ್ಮಾ.”

ಬೇರೆ ಯಾವುದಾದರೂ ಕನ್ನಡದ ಮನೆಯಲ್ಲಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆಂದುಕೊಂಡೇ ಹೊರಟಳು, ದಾರಿಯಲ್ಲಿ ತಿರುಗಿದಳು, ಮತ್ತೆ ತಿರುಗಿದಳು. ಕಾಲುಗಳು ಅವಳ ಮಾತು ಕೇಳದೆ ಓರಗಿತ್ತಿಯ ಅಂಗಳಕ್ಕೆ ಕರೆದೊಯ್ದವು. ಅಳಗಮ್ಮಾಳ್ ಮಗಳ ಜೊತೆ ದ್ರಾಕ್ಷಿ ಗೊಂಚಲಿನಿಂದ ಕೆಟ್ಟ ಹಣ್ಣು ಕತ್ತರಿಸುತ್ತಿದ್ದಳು.

“ಉಡುಗಿಗೆ ವಲಿಪ್ಪು ಅದೆ ಅಂತ ಬೋಡಿಯೋರಿಗೆ ಏಳ್ದೋಳು ನಾನೇ, ಅಳಗೂ. ಸುಳ್ಳು ಏಳ್ದೆ.”

ಕತ್ತರಿ ನಿಂತಿತು. ಅಳಗಮ್ಮಾಳ್ ಮಗಳ ಕಡೆ ಕೈ ತೋರಿಸಿದಳು.

“ನನ್ಕಿಟ್ಟೆ ಯಾಕ್ ಏಳ್ತೀಯಕ್ಕಾ? ಮನ್ನಿಪ್ಪು ಕೊಡ್ಬೇಕಾದೋಳು ಅವ್ಳು.”

ಯುವಶ್ರೀಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳೇ. ಅವಳಿಗೆ ಇದು ಅಂದೇ ಗೊತ್ತಾಗಿತ್ತಂತೆ, ಬೋಡಿಯವರೇ ಹೇಳಿದ್ದರಂತೆ. ದೊಡ್ಡಮ್ಮ ಹಾಳಾಗಿ ಹೋಗಲೆಂದು ದಿನವೂ ಹೆಸರು ಹಿಡಿದು ದೇವರನ್ನು ಬೇಡಿಕೊಂಡಳಂತೆ. ಬೇಡುತ್ತ ಬೇಡುತ್ತ ಒಂದು ದಿನ ಶಾಪ ನಾಲಿಗೆಗೆ ಬರಲಿಲ್ಲ, ಹೆಸರು ಮಾತ್ರ ಬಂತು. ಇಷ್ಟನ್ನು ತಮಿಳಿನಲ್ಲಿ ಹೇಳಿದವಳು ಕಡೆಯ ಮಾತನ್ನು ತಡವರಿಸುತ್ತ ಮನೆಮಾತಿನಲ್ಲೇ ಹೇಳಿದಳು.

“ಈಗ ನಿಮ್ ಪೇರ್ ಏಳ್ದೆ ಇದ್ರೆ ನಂಗೆ ಜೆಪ ಮುಗಿಯಾಕಿಲ್ಲ, ಪೆರಿಯಮ್ಮಾ.”