ಮಾಳಿಗೆಯ ತಂತಿ ಕಡಿದ ಶನಿವಾರ

ಬುಧವಾರ ಸಂಜೆ ಪಕ್ಕದ ಮನೆಯ ಬಾಯವ್ವ ಚಪ್ಪಲಿ ಸಹ ಮೆಟ್ಟದೆ ನಮ್ಮ ಪಡಸಾಲೆಗೆ ಬಂದಳು. ಧಾರಾವಾಹಿಯ ಹೊತ್ತಿನಲ್ಲಿ ಅವಳು ಟಿವಿ ಬಿಟ್ಟು ಏಳುವವಳೇ ಅಲ್ಲ.

"ನಿನ್ನ ಮಗಳು ಮತ್ತ ಸುರು ಮಾಡ್ಯಾಳೇನ? ಟಿವ್ಯಾಗ ಮಂದೀ ಮಾರಿ ತುಂಬ ಗೆರಿ ಬರಾಕತ್ತಾವು. ಆ ಸೊಸಿ ವಿಷಾ ಕುಡದ್ಲು, ಸತ್ಲೋ ಬದುಕಿದ್ಲೋ ತಿಳೀಲೇ ಇಲ್ಲ. ಈಗ ರಾತ್ರಿ ನಂಗ ನಿದ್ದಿ ಹೆಂಗ ಹತ್ತಬೇಕು?"

ಒಳಕೋಣೆಯಲ್ಲಿ ನನ್ನ ಮಗಳು ಶೀತಲ ಟಕ್ಕನೆ ಸ್ವಿಚ್ಚು ಆರಿಸಿದ್ದು ಕೇಳಿಸಿತು.

ಶೀತಲಳಿಗೆ ಹತ್ತೊಂಬತ್ತು. ಬೈಲಹೊಂಗಲದಲ್ಲೇ ಬಿ.ಎಸ್ಸಿ. ಓದುತ್ತಾಳೆ. ಅವಳ ಬಳಿ ಹವ್ಯಾಸಿ ರೇಡಿಯೋದ ಪರವಾನಿಗೆ ಇದೆ. ಮನೆಯಲ್ಲೇ ಕುಳಿತು, ಮಾಳಿಗೆಯ ಮೇಲೊಂದು ಕಂಬ ನೆಟ್ಟು ತಂತಿ ಕಟ್ಟಿ, ದೂರದೂರಿನವರ ಜೊತೆ ಮಾತಾಡಬಹುದು. ಅದಕ್ಕೆ ಪರೀಕ್ಷೆ ಬರೆದಳು. ದಿಲ್ಲಿಯಿಂದ ಕಾಗದ ಬರಲು ಒಂದೂವರೆ ವರ್ಷ ಹಿಡಿಯಿತು. ನಡುವೆ ವಿಚಾರಣೆಗೆಂದು ಪೊಲೀಸರು ಮನೆಗೆ ಬಂದು ಹೋದರು. ಒಳ್ಳೆಯ ಹುಡುಗಿ ಎಂದು ಬರೆದುಕೊಂಡು ಹೋದವರು ಅವರು, ಕೆಟ್ಟದ್ದೇನೋ ಮಾಡಿದ್ದಾಳೆ ಎಂದು ತಿಂಗಳುಗಟ್ಟಲೆ ಆಡಿಕೊಂಡದ್ದು ನಮ್ಮ ಓಣಿ.

ಅವಳಿಗೆ ಇದನ್ನೆಲ್ಲ ಕಲಿಸಿದವರು ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ನಜೀರಸಾಬರು. ಮೊದಲಿದ್ದ ಸಣ್ಣ ರೇಡಿಯೋ ಪೆಟ್ಟಿಗೆಯಿಂದ ಅವಳ ದನಿ ಧಾರವಾಡಕ್ಕೆ ಹೋಗುವಷ್ಟರಲ್ಲಿ ಸೋತು ಹೋಗುತ್ತಿತ್ತು. ದನಿಗೆ ಬಲ ಕೊಡುವ ಆಂಪ್ಲಿಫೈಯರನ್ನು ಗುರು ಶಿಷ್ಯೆ ಸೇರಿ ಎಂಟು ತಿಂಗಳು ಕೂತು ಕಟ್ಟಿದರು. ಎರಡು ಗಾಜಿನ ವಾಲ್ವು, ಜೀವ ತೆಗೆಯುವಷ್ಟು ಕರೆಂಟು. ಮುಚ್ಚಳ ತೆಗೆದಿದ್ದಾಗ, ಕರೆಂಟು ಎದೆಗೆ ಹಾಯದಿರಲೆಂದು, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಕೆಲಸ ಮಾಡಬೇಕೆಂದು ನಜೀರಸಾಬರು ಅವಳಿಗೆ ರೂಢಿ ಮಾಡಿಸಿದ್ದರು. ಆ ಎಂಟು ತಿಂಗಳೂ ನಾನು ಅವಳ ಬೆನ್ನ ಮೇಲಿದ್ದ ಆ ಕೈಯನ್ನು ನೋಡುತ್ತಲೇ ಕಾಯಿಪಲ್ಲೆ ಹೆಚ್ಚಿದ್ದೇನೆ. ಪೆಟ್ಟಿಗೆ ಮುಗಿದ ದಿನ ಕಲಕತ್ತೆಯ ಯಾರೋ ಮುದುಕರು ಅವಳಿಗೆ ಉತ್ತರ ಕೊಟ್ಟರು. ಅವಳು ಅಡಿಗೆಮನೆಗೆ ಓಡಿ ಬಂದು ನನ್ನನ್ನು ಎತ್ತಿಯೇ ಬಿಟ್ಟಳು.

ಒಂದು ತಿಂಗಳು ಯಾರಿಗೂ ಏನೂ ತೊಂದರೆಯಾಗಲಿಲ್ಲ. ಆಮೇಲೆ ಒಮ್ಮೆಲೆ ಈ ಗೆರೆ.

ಬಾಯವ್ವನ ಗದ್ದಲ ನಡೆದಿರುವಾಗಲೇ ನನ್ನ ಮೈದುನ ಮಹಾದೇವ ಗೊಬ್ಬರದ ಅಂಗಡಿ ಮುಚ್ಚಿ ಮನೆಗೆ ಬಂದ. ನಮ್ಮದು ಇನ್ನೂ ಕೂಡಿದ ಮನೆ. ಅವನು ನನ್ನನ್ನು ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ, ನೆಟ್ಟಗೆ ನನ್ನ ಗಂಡನ ಎದುರು ನಿಂತ.

"ಅಣ್ಣಾ, ನಾ ಅವತ್ತ ಹೇಳಿದ್ದೆ. ಮನಿ ಹೆಣ್ಣಮಗಳ ದನಿ ಊರೂರ ಗಂಡಸರ ಕಿವ್ಯಾಗ ಬೀಳಾಕತ್ತೈತಿ. ನಾಳೆ ಬೀಗರು ಕೇಳಿದ್ರ ಏನ್ ಹೇಳ್ತೀರಿ? ಈಗಂತೂ ಓಣಿ ಮಂದೀನೂ ಬಾಗಲಿಗೆ ಬಂತು. ಇಳಿಸಿ ಒಗೀರಿ ಅದನ್ನ."

ನನ್ನ ಗಂಡ ಮಹಾಂತಪ್ಪನವರು ಹತ್ತಿ ಪೇಟೆಯಲ್ಲಿ ದಲಾಲರು. ದಿನವಿಡೀ ಅಲ್ಲಿ ಗಟ್ಟಿಯಾಗಿ ಮಾತಾಡಿ ಬಂದು ಮನೆಯಲ್ಲಿ ಎಲ್ಲದಕ್ಕೂ ಒಂದೇ ಮಾತು ಆಡುತ್ತಾರೆ. ಅದನ್ನೇ ಆಡಿದರು.

"ನೋಡೂಣು."

ಟಿವಿ ಗೆರೆಗೂ ಮಗಳ ದನಿ ಗಂಡಸರ ಕಿವಿಗೆ ಬೀಳುವುದಕ್ಕೂ ಏನು ಸಂಬಂಧ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷ ಹೀಗೆ ಕೇಳದೆ ಬಿಟ್ಟ ಮಾತುಗಳೇ ಎಷ್ಟೋ ಇದ್ದವು.

ಶೀತಲ ಹೊರಗೆ ಬಂದಳು. ಅಳುತ್ತಿರಲಿಲ್ಲ. "ಕಾಕಾ, ದೋಷ ಎಲ್ಲೈತಿ ಹುಡುಕಾಕ ಆಯಿತವಾರದ ತನಕ ಬಿಡ್ರಿ. ನನ್ನ ತಪ್ಪಿಂದ ಬಂದಿದ್ರ ನನ್ನ ಕೈಲೇನ ಕಂಬ ಇಳಸ್ತೇನಿ. ಮತ್ತ ಹೊಳ್ಳಿ ಏರಿಸೂದಿಲ್ಲ."

"ಎಲ್ಲಾರೂ ಕೇಳಿದ್ರಿಲ್ಲ?" ಎಂದ ಮಹಾದೇವ. "ಆಯಿತವಾರ."

ಶನಿವಾರ ಬೆಳಿಗ್ಗೆ ನಾನೇ ಹೋಗಿ ನಜೀರಸಾಬರನ್ನು ಕರೆತಂದೆ. ಅವರ ಮೊಳಕಾಲು ನೋವು. ದಾರಿಯಲ್ಲಿ ಮೂರು ಸಲ ನಿಂತರು, ಮೂರು ಸಲವೂ ಮೊಳಕಾಲಿಗೆ ಬೈದರು. ಮನೆಗೆ ಬಂದವರೇ ಪೆಟ್ಟಿಗೆ ಮುಟ್ಟದೆ ಶೀತಲಳನ್ನು ಕೇಳಿದರು.

"ಮೊದಲ ಏನ್ ಮಾಡಬೇಕ ಬೇಟಿ?"

"ಒಂದೊಂದ ತಗದು ನೋಡಬೇಕ್ರಿ. ಎಲ್ಲಾ ಒಮ್ಮೆಲೇ ಬಿಚ್ಚಬಾರದು."

ಅದಕ್ಕೆ ಪಕ್ಕದ ಮನೆಯ ಟಿವಿ ಬೇಕು. ಟಿವಿ ಹಚ್ಚಿ, ಗೆರೆ ಬಂತೇ ಎಂದು ಕಿಟಕಿಯಲ್ಲಿ ಕೂತು ಹೇಳಲು ಬಾಯವ್ವನನ್ನು ಕೇಳಿಕೊಂಡೆ. ಮೊದಲು ಬಿಂಕ ಮಾಡಿದಳು, ಆಮೇಲೆ ಇಡೀ ಓಣಿಯ ನ್ಯಾಯ ತನ್ನ ಕೈಯಲ್ಲಿದೆ ಎಂಬಂತೆ ಕುರ್ಚಿ ಹಾಕಿಕೊಂಡು ಕೂತಳು.

ಶೀತಲ ಆಂಪ್ಲಿಫೈಯರ್ ಬಿಟ್ಟು ಬರೀ ಸಣ್ಣ ಪೆಟ್ಟಿಗೆಯಿಂದ ಮಾತಾಡಿದಳು.

"ಬಾಯವ್ವಾ, ಹೆಂಗೈತಿ?" ಎಂದು ಕೂಗಿದೆ.

"ಛಲೋ ಐತಿ! ಒಬ್ಬಾಂವ ಬದನಿಕಾಯಿಗೆ ಔಷಧ ಹೊಡಿಯೂದ ಹೇಳಾಕತ್ತಾನ."

ಎರಡನೆಯ ಸಲ ಆಂಪ್ಲಿಫೈಯರ್ ಹಚ್ಚಿದರು, ಆದರೆ ಮಾಳಿಗೆಯ ತಂತಿ ಬಿಡಿಸಿ ಅದರ ಬದಲು ಒಂದು ದೊಡ್ಡ ಬಲ್ಬು ಜೋಡಿಸಿದರು. ಪೆಟ್ಟಿಗೆಯ ಬಲವೆಲ್ಲ ಬಲ್ಬಿನಲ್ಲೇ ಉರಿದು ಹೋಗುತ್ತದೆ, ಗಾಳಿಗೆ ಹೋಗುವುದಿಲ್ಲ. ಶೀತಲ ಮಾತಾಡಿದಾಗೊಮ್ಮೆ ಬಲ್ಬು ಬೆಳಗುತ್ತಿತ್ತು, ಸುಮ್ಮನಾದರೆ ಆರುತ್ತಿತ್ತು. ಮಗಳ ಮಾತು ಹಾಗೆ ಬೆಳಕಾಗುವುದನ್ನು ನಾನು ಅದೇ ಮೊದಲು ನೋಡಿದ್ದು. ಒಲೆಯ ಮೇಲಿನ ಬೇಳೆ ಮರೆತೇ ಹೋಯಿತು.

"ಈಗ?"

"ಛಲೋನ ಐತಿ. ಬದನಿಕಾಯಿ ಮುಗೀತು, ಎಮ್ಮಿ ಬಂದಾವು."

ಮೂರನೆಯ ಸಲ ಆಂಪ್ಲಿಫೈಯರಿಗೆ ಮಾಳಿಗೆಯ ತಂತಿಯನ್ನೇ ಜೋಡಿಸಿದರು.

"ಬಂತ್ ಬಂತ್ ಬಂತ್! ಎಮ್ಮಿಗೆಲ್ಲಾ ಗೆರಿ ಬಂತ್! ಬಂದ್ ಮಾಡ್ರೇ!"

ನಜೀರಸಾಬರ ಮುಖ ಅರಳಿತು. "ಪೆಟ್ಟಗ್ಯಾಗ ಏನೂ ತಪ್ಪಿಲ್ಲ ಬೇಟಿ. ದೋಷ ಇರೂದು ತಂತ್ಯಾಗ. ಚಾ ಕುಡದು ಮಾಳಿಗಿ ಹತ್ತೂಣು."

ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಮಹಾದೇವನಿಗೆ ಕೇಳಿದ್ದು 'ದೋಷ ತಂತ್ಯಾಗ' ಎಂಬ ಎರಡೇ ಮಾತು. ನಾನು ಚಹಾ ಸೋಸುವಷ್ಟರಲ್ಲಿ ಅವನು ತಂತಿ ಕಡಿಯುವ ಪಕ್ಕಡ ಹಿಡಿದು ಮಾಳಿಗೆ ಏರಿದ್ದ.

ಮಾಳಿಗೆಯ ನಡುವೆ ಕಬ್ಬಿಣದ ಕಂಬ. ಅದರ ತಲೆಯಿಂದ ತಾಮ್ರದ ತಂತಿ ಎರಡೂ ಬದಿಗೆ ಇಳಿದು ಬಂದು ಗೋಡೆಯ ಕೊಂಡಿಗಳಿಗೆ ಬಿಗಿದಿತ್ತು. ಆ ಬಿಗಿತದ ಮೇಲೆಯೇ ಕಂಬ ನಿಂತಿದ್ದು. ಅವನು ಅಂಗಳದ ಕಡೆಯ ಕೊಂಡಿಯಲ್ಲಿ ತಂತಿಯನ್ನು ಬಿಗಿದ ಕಬ್ಬಿಣದ ಕಟ್ಟು ಕಡಿದ. ಸುಂಯ್ ಎಂದು ಸಪ್ಪಳವಾಯಿತು. ತಂತಿ ಹಾವಿನಂತೆ ಹೊರಳಿ ತುಳಸಿಕಟ್ಟೆಯ ಮೇಲೆ ಬಿತ್ತು. ಮೇಲೆ ಕಂಬ ವಾಲಿತು.

ಶೀತಲ ಅಂಗಳಕ್ಕೆ ಓಡಿ ಬಂದು ನಿಂತಳು. ಅವಳ ಬಾಯಿಂದ ಒಂದೇ ಮಾತು ಹೊರಟಿತು. "ಇವತ್ತ ಶನಿವಾರ, ಕಾಕಾ."

"ದೋಷ ತಂತ್ಯಾಗ ಅಂತ ನಿಮ್ಮ ಸಾಹೇಬ್ರ ಹೇಳಿದ್ರಲ್ಲವಾ. ನಾಳೆ ಕಡಿಯೂದು ಇವತ್ತ ಕಡದೆ." ಮಹಾದೇವ ಪಕ್ಕಡವನ್ನು ಕಿಸೆಗೆ ಹಾಕಿಕೊಳ್ಳುತ್ತ ಮೆಟ್ಟಿಲು ಇಳಿದ.

ನಜೀರಸಾಬರು ಮೊಳಕಾಲು ಹಿಡಿದುಕೊಂಡೇ ಬಗ್ಗಿ ತಂತಿಯ ತುದಿಯನ್ನು ಎತ್ತಿಕೊಂಡರು. ಅಲ್ಲೊಂದು ಪಿಂಗಾಣಿ ಗುಂಡು ಇತ್ತು. ತಾಮ್ರದ ತಂತಿಯ ಕರೆಂಟು ಗೋಡೆಯ ಕಬ್ಬಿಣಕ್ಕೆ ಹಾಯದಂತೆ ತಡೆಯುವುದು ಅದೇ. ಆ ಗುಂಡಿನ ಮೇಲೆ ಒಂದು ಒಣಗಿದ ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ. ನಿಂಬೆ ಒಂದು ಮಗ್ಗುಲು ಸುಟ್ಟು ಕರ್ರಗಾಗಿತ್ತು. ಅದನ್ನು ಬಿಗಿದ ಕಬ್ಬಿಣದ ಸಣ್ಣ ತಂತಿಗೆ ತುಕ್ಕು ಹಿಡಿದಿತ್ತು.

"ಸಿಕ್ತು ನೋಡ ಕಳ್ಳ," ಎಂದರು ಅವರು. "ಈ ಜಂಗ ಹಿಡದ ತಂತಿ ಗುಂಡಿನ ಆ ಕಡಿಗೂ ಈ ಕಡಿಗೂ ಸೇತುವೆ ಹಾಕೇತಿ. ಸಣ್ಣ ಪವರಿಗೆ ಸುಮ್ಮನಿರತೈತಿ. ದೊಡ್ಡ ಪವರ್ ಬಂತೋ, ಇಲ್ಲಿ ಕಿಡಿ ಹಾರತೈತಿ. ಆ ಕಿಡೀನ ಟಿವ್ಯಾಗ ಗೆರಿ. ಇದನ್ನ ಇಲ್ಲಿ ಕಟ್ಟಿದ್ದ ಯಾರು?"

ನಾನು ಆ ನಿಂಬೆಹಣ್ಣನ್ನು ಗುರುತಿಸಿದೆ.

ದಸರೆಯ ಖಂಡೆ ಪೂಜೆಯ ದಿನ ಮನೆಯ ಎಲ್ಲ ಸಾಮಾನಿಗೂ ಪೂಜೆಯಾಗುತ್ತದೆ. ಗಂಡನ ತಕ್ಕಡಿಗೆ ವಿಭೂತಿ ಹಚ್ಚಿದೆ, ಮಹಾದೇವನ ಮೋಟಾರ್ ಸೈಕಲ್ಲಿಗೆ ನಿಂಬೆ ಮೆಣಸಿನಕಾಯಿ ಕಟ್ಟಿದೆ. ಮಗಳ ಸಾಮಾನು ಮಾತ್ರ ಹಾಗೇ ಇರಬೇಕೇ? ಕರೆಂಟಿನ ಪೆಟ್ಟಿಗೆ ಮುಟ್ಟಲು ಅಂಜಿ ಮಾಳಿಗೆ ಹತ್ತಿದೆ. ಓಣಿಯ ಕಣ್ಣೆಲ್ಲ ಬೀಳುತ್ತಿದ್ದುದು ಆ ತಂತಿಯ ಮೇಲೆಯೇ. ಕೈಗೆ ನಿಲುಕಿದ ತುದಿಗೆ ನಿಂಬೆಹಣ್ಣು ಕಟ್ಟಿದೆ. ದಾರವಾದರೆ ಬಿಸಿಲಿಗೆ ಕೊಳೆತು ಬೀಳುತ್ತದೆಂದು ಕಬ್ಬಿಣದ ತಂತಿಯಿಂದ ಬಿಗಿದೆ. ಹಬ್ಬ ಮುಗಿದ ಮೇಲೆ ಎರಡು ದಿನ ಮಳೆ ಹೊಡೆಯಿತು. ಗೆರೆ ಬರತೊಡಗಿದ್ದು ಆಗಲೇ.

ಶೀತಲ ನಿಂಬೆಹಣ್ಣನ್ನು ನೋಡಿದಳು, ಆಮೇಲೆ ನನ್ನನ್ನು. ಅವಳಿಗೆ ತಿಳಿದುಹೋಯಿತು. "ಕಾಕಾ, ಅದು ನಾನ..." ಎಂದು ಸುರುಮಾಡಿದಳು. ನನ್ನ ತಪ್ಪನ್ನು ತಾನು ಹೊತ್ತು, ಕಂಬ ಇಳಿಸಿ, ಎಂಟು ತಿಂಗಳ ದುಡಿಮೆಯನ್ನು ಅಟ್ಟಕ್ಕೆ ಹಾಕಲು ಅಷ್ಟು ಬೇಗ ತಯಾರಾಗಿದ್ದಳು ಆ ಹುಚ್ಚಿ.

"ನೀ ಸುಮ್ಮಕಿರು," ಎಂದೆ. "ನಾ ಕಟ್ಟೇನಿ. ಖಂಡೆ ಪೂಜಿ ದಿನ. ಇಕಿಗೆ ಗೊತ್ತ ಇಲ್ಲ."

ಕಿಟಕಿಯಲ್ಲಿ ಬಾಯವ್ವ ನಕ್ಕಳು.

"ಅಯ್ಯ ನಮ್ಮವ್ವ! ಮಗಳಿಗೆ ದೃಷ್ಟಿ ಆಗಬಾರದಂತ ಕಟ್ಟೀಯೇನ? ಪಾಪ! ಮೊದಲ ಹೇಳಿದ್ರ ನಾ ಯಾಕ ಒದರತಿದ್ದೆ?"

ಮಹಾದೇವನೂ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. "ನೀವೇನ್ರಿ ವೈನಿ! ಹೋಗ್ಲಿ ಬಿಡ್ರಿ, ದೇವರ ಕೆಲಸ. ನಿಮಗೇನ ಗೊತ್ತಾಗಬೇಕು ಇದೆಲ್ಲಾ? ಹೆಂಗೂ ಕಡದದ್ದು ಕಡದೈತಿ, ಹಂಗ ಸುತ್ತಿ ಇಡ್ರಿ. ಚಾ ಕೊಡ್ರಿ."

ಗದ್ದಲ ಕೇಳಿ ಪಡಸಾಲೆಯ ಬಾಗಿಲಿಗೆ ಬಂದಿದ್ದ ಗಂಡನೂ ಮೀಸೆಯಲ್ಲೇ ನಗುತ್ತಿದ್ದರು.

ಆಗ ಬಂತು ನನಗೆ. ಎಲ್ಲಿಂದ ಬಂತೋ ತಿಳಿಯದು. ಕೈಯಲ್ಲಿದ್ದ ಚಹಾದ ತಾಟನ್ನು ಕಟ್ಟೆಯ ಮೇಲೆ ಕುಕ್ಕಿದೆ. ಒಂದು ಕಪ್ಪು ಉರುಳಿ ಒಡೆಯಿತು. ನಾನು ತಿರುಗಿ ಸಹ ನೋಡಲಿಲ್ಲ.

"ನಗೂದ ಬಂದ್ ಮಾಡ ಮಹಾದೇವ."

ಅವನ ನಗು ಅರ್ಧಕ್ಕೇ ನಿಂತಿತು.

"ಬುಧವಾರದಿಂದ ಇಕಿ ಏನೇನ ಅನ್ನಿಸಿಕೊಂಡ್ಲು? ಮನಿ ಮಾನಾ ಕಳಿಯಾಕಿ ಅಂದಿ. ಊರ ಗಂಡಸರ ಕೂಡ ಮಾತಾಡಾಕಿ ಅಂದಿ. ಬೀಗರ ಹೆಸರ ತಗದು ಹೆದರಿಸಿದಿ. ತಪ್ಪು ಇಕಿದು ಅಂದ್ರ ಪಕ್ಕಡ ಬರತೈತಿ. ಅದ ತಪ್ಪು ನಂದು ಅಂದ್ರ ಪಾಪ ಅಂತೀರಿ, ದೇವರ ಕೆಲಸ ಅಂತೀರಿ! ಕಲತ ಮಾಡಾಕಿಗೆ ಶಿಕ್ಷಾ, ತಿಳೀದ ಮಾಡಾಕಿಗೆ ಮಾಫೀ. ಯಾವ ಊರ ನ್ಯಾಯ ಇದು? ನಂಗ ಬ್ಯಾಡ ನಿಮ್ಮ ಮಾಫಿ. ನಾ ತಪ್ಪ ಮಾಡೇನಿ, ಬೈರಿ ನಂಗ. ಇಕಿಗೆ ಬೈದಂಗ ಬೈರಿ!"

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ವೈನಿ, ಓಣಿ ಮಂದಿ ಕೇಳ್ತಾರ, ಸಾವಕಾಶ..."

"ಕೇಳ್ಲಿ. ಮೂರು ದಿನ ನೀ ಒದರಿದ್ದು ಕೇಳ್ಯಾರ, ಇದನ್ನೂ ಕೇಳ್ಲಿ. ಬಾಯವ್ವಾ, ಕಿಟಕಿ ಮುಚ್ಚಬ್ಯಾಡ, ನಿನಗೂ ಹೇಳಾಕತ್ತೇನಿ."

ಮುಚ್ಚುತ್ತಿದ್ದ ಕಿಟಕಿಯ ಬಾಗಿಲು ಅಲ್ಲೇ ನಿಂತಿತು.

"ಇಕಿ ಮಾತಿನಂತ ನಡಕೊಂಡಾಳ. ನನ್ನ ತಪ್ಪಿದ್ರ ಇಳಸ್ತೇನಿ ಅಂದ್ಲು. ಇಕಿ ತಪ್ಪ ಇಲ್ಲ. ನೀ ಆಯಿತವಾರ ಅಂದಿ, ಶನಿವಾರ ಕಡದಿ. ಮಾತ ಮುರದಾಂವ ನೀ. ಯಾವ ಕೈಲೆ ಕಡದೀ ಅದ ಕೈಲೆ ನಿಲ್ಲಿಸು."

ಮಹಾದೇವ ಅಣ್ಣನ ಕಡೆ ನೋಡಿದ. ಅಣ್ಣ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು.

"ನೋಡೂಣು ಅಂದ್ರ ನೋಡ್ರಿ ಮತ್ತ!" ಎಂದೆ. ಗಂಡನಿಗೆ ನಾನು ಹಾಗೆ ಅಂದದ್ದು ಅದೇ ಮೊದಲು.

ಅವರು ತಮ್ಮನ ಕಡೆ ತಿರುಗಿ, "ಹೋಗೋ," ಎಂದರು. ಅಷ್ಟೇ.

ಮಹಾದೇವ ಮಾಳಿಗೆ ಹತ್ತಿದ. ವಾಲಿದ ಕಂಬವನ್ನು ತಬ್ಬಿ ನೆಟ್ಟಗೆ ಹಿಡಿದುಕೊಳ್ಳುವುದು ಅವನ ಕೆಲಸ. ಶೀತಲ ಪಿಂಗಾಣಿ ಗುಂಡನ್ನು ಬೂದಿ ಹಚ್ಚಿ ತಿಕ್ಕಿ ತೊಳೆದಳು, ಸುಟ್ಟ ಕಲೆ ಹೋಗುವವರೆಗೂ ತಿಕ್ಕಿದಳು. ಕಬ್ಬಿಣದ ಕಟ್ಟಿನ ಬದಲು ಈ ಸಲ ನೈಲಾನ್ ಹಗ್ಗ ಹಾಕಿದಳು. ಕೆಳಗಿನಿಂದ ನಜೀರಸಾಬರು ಹೇಳುತ್ತಿದ್ದರು, ಮೇಲಿನಿಂದ ಅವಳು ಹುಕುಮು ಕೊಡುತ್ತಿದ್ದಳು.

"ಕಾಕಾ, ಸ್ವಲ್ಪ ಎಡಕ್ಕ. ಅಷ್ಟಲ್ಲ, ಸ್ವಲ್ಪ. ಹಾಂ, ಅಲ್ಲೇ ಹಿಡೀರಿ. ಕೆಳಗ ಮಾತಾಡಿ ನೋಡ್ತೇನಿ. ಗೆರಿ ಹೋಗಿದ್ರ ಹಗ್ಗಕ್ಕ ಕಡೀ ಗಂಟ ಹಾಕೂಣು. ಅಲ್ಲೀ ತನಕ ಬಿಡಬ್ಯಾಡ್ರಿ."

ಅವಳು ಕೆಳಗಿಳಿದು ಪೆಟ್ಟಿಗೆಯ ಮುಂದೆ ಕೂತಳು. ವಾಲ್ವು ಕೆಂಪಗೆ ಕಾದವು. ಹುಬ್ಬಳ್ಳಿಯ ಯಾರನ್ನೋ ಕರೆದಳು. ಅತ್ತಲಿನ ಗಂಡಸಿನ ದನಿ ಮನೆಯೊಳಗೆ ಸ್ಪಷ್ಟವಾಗಿ ಬಂತು. ಮೂರು ದಿನ ಯಾಕೆ ಕಾಣಲಿಲ್ಲವೆಂದು ಕೇಳಿದರು.

"ತಂತೀ ತುದಿಯೊಳಗ ಒಂದ ಕೆಟ್ಟ ಜೋಡಣಿ ಇತ್ತರಿ," ಎಂದಳು ಶೀತಲ. ನನ್ನ ಹೆಸರು ಹೇಳಲಿಲ್ಲ.

"ಬಾಯವ್ವಾ!" ಎಂದು ಕೂಗಿದೆ.

"ಇಲ್ಲ!" ಕಿಟಕಿಯ ದನಿ ಈಗ ಮೆತ್ತಗಿತ್ತು. "ಒಂದ ಗೆರೀನೂ ಇಲ್ಲವಾ. ಸ್ವಚ್ಛ ಐತಿ."

ಬಿಸಿಲು ಏರಿತ್ತು. ಒಡೆದ ಕಪ್ಪಿನ ಚೂರುಗಳನ್ನು ಆರಿಸಿ ಬೇರೆ ಚಹಾ ಇಟ್ಟೆ. ನಜೀರಸಾಬರಿಗೆ ಒಂದು ಕಪ್ಪು ಕೊಟ್ಟೆ, ಗಂಡನಿಗೆ ಒಂದು. ಮಗಳು ಇನ್ನೂ ಮಾತಾಡುತ್ತಲೇ ಇದ್ದಳು. ಮಾತು ಹುಬ್ಬಳ್ಳಿ ದಾಟಿ ಯಾವುದೋ ಊರಿಗೆ ಹೋಗಿತ್ತು.

"ವೈನಿ," ಮಾಳಿಗೆಯಿಂದ ಮಹಾದೇವ ಕೂಗಿದ. "ಕೈ ಸೋತಾವ್ರಿ. ಆಕೀಗೆ ಗಂಟ ಹಾಕಾಕ ಬಾ ಅನ್ರಿ. ಬಿಡ್ಲೇನ?"

ನಾನು ನನ್ನ ಚಹಾ ಬಸಿದುಕೊಂಡು ಮೆಟ್ಟಿಲ ಮೇಲೆ ಕೂತೆ.

"ಆಕಿ ಮಾತ ಮುಗೀಲಿ," ಎಂದೆ. "ಹಿಡ್ಕೊಂಡ ನಿಂದ್ರು."