ಬಲಸೊಂಟದ ಕತ್ತಿ

“ಯಾವ ಕತ್ತೆ ಕಣಯ್ಯ ಈ ಕತ್ತಿ ಬರ್ದಿದ್ದು?”

ಥಾರ್ನ್‌ಬಿ ಸೀಮೆಯ ಪ್ರಭು, ಅರ್ಲ್, ಕೈಕೋಲಿನಿಂದ ತನ್ನ ಚಿತ್ರವನ್ನು ತಿವಿದೇ ಬಿಟ್ಟ. ಸರಿಯಾಗಿ ಒಣಗದ ಬಣ್ಣದ ಮೇಲೆ ಗುರುತು ಬಿತ್ತು. “ಬಲಸೊಂಟಕ್ಕೆ ಕಟ್ಟವ್ನಲ್ಲ! ನಾನೇನು ಎಡಚನಾ? ಇದನ್ನ ಹಿರಿಯೋ ಹೊತ್ತಿಗೆ ಶತ್ರುಗಳು ನನ್ನ ಹೂತು ಮನೆಗೆ ಹೋಗಿರ್ತಾರೆ!”

ಜೊತೆಗೆ ಬಂದಿದ್ದ ನಾಲ್ವರು ಗೆಳೆಯರು ತಲೆಯ ಮೇಲಿನ ಸುಳ್ಳುಕೂದಲು ಅಲ್ಲಾಡುವಂತೆ ನಕ್ಕರು.

ಚಿತ್ರಶಾಲೆಯ ಯಜಮಾನ ಗೆರ್ವೇಸ್ ಹೋಲ್ಟ್ ಒಂದು ಕ್ಷಣವೂ ತಡವರಿಸಲಿಲ್ಲ. ಬೆರಳು ತೋರಿಸಿದ. “ಇವ್ನೇ ಪ್ರಭುಗಳೇ, ಜೋಸಿಯಾಸ್. ಬಟ್ಟೆ ಬರಿಯೋನು. ಮುಖ ಮಾತ್ರ ನಂದು.”

ಜೋಸಿಯಾಸನಿಗೆ ಮೈಯೆಲ್ಲ ಉರಿದುಹೋಯಿತು. ಹೌದು, ಮುಖ ಮಾತ್ರ ಯಜಮಾನನದು. ಅರ್ಲ್ ಎರಡು ಸಲ ಬಂದು ಕೂತಿದ್ದ, ಮುಖ ಮುಗಿದಿತ್ತು. ಉಳಿದ ಆರಡಿ, ನೀಲಿ ರೇಷ್ಮೆ, ಲೇಸಿನ ಒಂದೊಂದು ತೂತು, ಕೈ, ಬೂಟು, ಹಿಂದಿನ ಕಂಬ, ಕಾಲಬಳಿಯ ನಾಯಿ, ಎಲ್ಲ ಜೋಸಿಯಾಸನ ಬೆನ್ನುನೋವು. ಲಂಡನ್ನಿನಲ್ಲಿ ನಡೆಯುವುದೇ ಹೀಗೆ. ಏಳು ವರ್ಷ ಬಟ್ಟೆ ಬರೆದಿದ್ದ. ಈ ಚಿತ್ರ ಮುಗಿಸಿಕೊಟ್ಟರೆ ಅರ್ಲ್‌ನ ಹೆಂಡತಿಯ ಮುಖ ನೀನೇ ಬರೆ ಎಂದು ಹೋಲ್ಟ್ ಮಾತು ಕೊಟ್ಟಿದ್ದ. ಅದು ಜೋಸಿಯಾಸ್ ಬರೆಯುವ ಮೊದಲ ಮುಖ.

ಕತ್ತಿ ಬಲಕ್ಕೆ ಹೋಗಿದ್ದು ಯಾರಿಂದ? ಯಾರೋ ಫ್ರೆಂಚ್ ದೊರೆಯ ಅಚ್ಚಿನ ಚಿತ್ರ ಕೊಟ್ಟು, ಇವರನ್ನೂ ಹೀಗೇ ನಿಲ್ಲಿಸು ಎಂದವನು ಹೋಲ್ಟ್. ತಾಮ್ರದ ತಗಡಿನಿಂದ ಅಚ್ಚೊತ್ತಿದರೆ ಎಡ ಬಲವಾಗುತ್ತದೆ. ಬಣ್ಣ ಅರೆಯುವವನಿಗೂ ಅದು ಗೊತ್ತು. ಅದಕ್ಕೇ ಜೋಸಿಯಾಸ್ ಕತ್ತಿಯನ್ನು ಎಡಕ್ಕೆ ಬರೆದಿದ್ದ. ಹೋಲ್ಟ್ ಕೂಗಾಡಿದ್ದ: “ನನಗೇ ಕಲಿಸ್ತೀಯೇನೋ? ಹಾಳೇಲಿ ಎಲ್ಲಿದ್ಯೋ ಅಲ್ಲೇ ಇರ್ಬೇಕು. ಕೆರೆದು ಹಾಕು!” ಕೆರೆದು, ಎರಡು ದಿನ ಕೂತು ಮತ್ತೆ ಬರೆದಿದ್ದ. ಚೌಕಟ್ಟಿಗೆ ಚಿನ್ನದ ರೇಕು ಅಂಟಿಸುವ ಮುದುಕ ಬಾರ್ನಬಿ ಅದೆಲ್ಲವನ್ನೂ ಕೇಳಿಸಿಕೊಂಡಿದ್ದ.

“ನೀವೇ ಅಲ್ವಾ ಯಜಮಾನ್ರೇ, ಹಾಳೇಲಿ ಇದ್ದಂಗೇ...” ಎಂದ ಜೋಸಿಯಾಸ್.

“ಮುಚ್ಚೋ ಬಾಯಿ!”

ಜೋಸಿಯಾಸ್ ಮೂಲೆಯಲ್ಲಿ ಚೌಕಟ್ಟಿನ ಮುಂದೆ ಕೂತಿದ್ದ ಮುದುಕನತ್ತ ತಿರುಗಿದ. “ಬಾರ್ನಬಿ ತಾತ, ನೀನಾದ್ರೂ ಹೇಳು.”

“ನಂಗೆ ಕಿವಿ ಮಂದ ಕಣಪ್ಪಾ,” ಎಂದ ಬಾರ್ನಬಿ ತಲೆ ಎತ್ತದೆ. ಬೆಳಿಗ್ಗೆ ಬೀದಿಯ ಆ ತುದಿಯಲ್ಲಿ ತಿನ್ನುವ ಸಿಂಪಿ ಮಾರುವವಳು ಕೂಗಿದ್ದು ಕೇಳಿ ಓಡಿದ್ದ ಮುದುಕ!

ಅರ್ಲ್ ಆಕಳಿಸಿದ. “ಮೊಣಕಾಲೂರಿ ತಪ್ಪಾಯ್ತು ಅನ್ಲಿ, ಸಾಕು. ರೇಷ್ಮೆಯೇನೋ ಚೆನ್ನಾಗೇ ಬರ್ದವ್ನೆ.”

ಹೋಲ್ಟ್ ಕಿವಿಯ ಬಳಿ ಬಗ್ಗಿದ. “ಅಂದ್ಬಿಡೋ. ಒಂದ್ ಮಾತು ಅಷ್ಟೇ. ನಾಳೆಯಿಂದ ಅಮ್ಮಾವ್ರ ಮುಖ ನಿಂದೇ.”

ಏಳು ವರ್ಷ ಕಾದ ಮುಖ ಈಗ ಒಂದೇ ಒಂದು ಸುಳ್ಳಿನಾಚೆ ಇತ್ತು. ಸುಳ್ಳು ಹೇಳಿ ಬರೆದರೆ ಅದೂ ನಾಳೆ ಹೋಲ್ಟ್‌ನ ಮುಖವೇ. ಏನಾದರೂ ಕೆಟ್ಟರೆ ಮಾತ್ರ ಜೋಸಿಯಾಸನದು. ಅವನು ಮೊಣಕಾಲೂರಲಿಲ್ಲ. ಸ್ವಂತದ ಕುಂಚಗಳನ್ನು ಆರಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತಿದ.

“ಏಯ್! ನಿನ್ನನ್ನೇ ಕೇಳ್ತಿರೋದು, ತಪ್ಪು ಯಾರ್ದು?” ಅರ್ಲ್ ಕಿರುಚಿದ.

ಜೋಸಿಯಾಸ್ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು, ಎಲ್ಲರ ನಡುವಿನಿಂದಲೇ ಹಾದು, ಮೆಟ್ಟಿಲಿಳಿದು ಹೋದ.