ಶೀಶೆಯ ಮೇಲಿನ ಕೈ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬ ವಿಷಯದಲ್ಲಿ ನನಗೂ ಯಾಗೋದಾಳಿಗೂ ಜಗಳ. ಅವಳು ಸತ್ತ ಬೆಳಗಿನಿಂದ ಎಂದು ನಾನು. ತಾನು ಸತ್ತೇ ಇಲ್ಲವಲ್ಲ ಎಂದು ಅವಳು. (ಅವಳ ಮಾತು ನಿಜ. ಆದರೆ ಸಾವಿನಿಂದ ಶುರುವಾದ ಕಥೆಯನ್ನು ಜನ ಎರಡನೆಯ ಪುಟದವರೆಗಾದರೂ ಓದುತ್ತಾರೆ. ಮೆಣಸಿನಕಾಯಿ ಸುಡುವುದರಿಂದ ಶುರುವಾದದ್ದನ್ನು ಯಾರು ಓದುತ್ತಾರೆ?)

ಸರಿ, ಮೆಣಸಿನಕಾಯಿಯಿಂದಲೇ ಆಗಲಿ.

ಸೆಪ್ಟೆಂಬರ್ ತಿಂಗಳು. ಹಳೆಯ ಯುಗೋಸ್ಲಾವಿಯಾದ ನಮ್ಮ ಲೆಸ್ಕೊವಾತ್ಸ್‌ನಲ್ಲಿ ಊರಿಗೆ ಊರೇ ಹೊಗೆ. ಹಿತ್ತಲುಗಳಲ್ಲಿ ತಗಡಿನ ಒಲೆ, ಒಲೆಯ ಮೇಲೆ ಅಂಗೈಯಗಲದ ಕೆಂಪು ಮೆಣಸಿನಕಾಯಿ, ಅದರ ಕರಿ ಸಿಪ್ಪೆ ಅಂಟಿಕೊಂಡ ಬೆರಳುಗಳು. ಸುಟ್ಟು, ಸುಲಿದು, ರುಬ್ಬಿ, ಎಣ್ಣೆ ಹಾಕಿ ಗಂಟೆಗಟ್ಟಲೆ ಕೈಬಿಡದೆ ಕದಡಿದರೆ ಐವಾರ್ ಎಂಬ ಚಟ್ನಿ. ಕೈಬಿಟ್ಟರೆ ಅಡಿ ಹಿಡಿಯುತ್ತದೆ. ಇದೊಂದನ್ನು ನೆನಪಿಟ್ಟುಕೊಳ್ಳಿ. ಉಳಿದದ್ದನ್ನು ನಾನೇ ಮರೆಯುವವನಿದ್ದೇನೆ.

ಎಪ್ಪತ್ತು ದಾಟಿದ ಯಾಗೋದಾ ಅಡುಗೆಮನೆಯಲ್ಲಿ ಕದಡುತ್ತಿದ್ದಳು. ಅವಳ ಮುಖ ನೀವು ಅಂಗಡಿಯಲ್ಲಿ ನೋಡಿರುತ್ತೀರಿ: ಐವಾರ್ ಶೀಶೆಯ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ನಗುತ್ತಿರುವ ಹೆಂಗಸು ಅವಳೇ. ಶೀಶೆಯ ಮೇಲಿನವಳಿಗೆ ಮೂವತ್ತು ವರ್ಷದಿಂದ ವಯಸ್ಸಾಗಿಲ್ಲ. ಆದರೂ ಅವಳಿಗೆ ಕಂಪನಿಯವರು ಇಟ್ಟ ಹೆಸರು ಯಾಗೋದಾ ಅಜ್ಜಿ.

೨

(ಈ ಭಾಗವನ್ನು ಹರಿದು ಹಾಕಿ ಮತ್ತೆ ಬರೆದಿದ್ದೇನೆ. ಮೊದಲ ಸಲ ಇದರಲ್ಲಿ ಯುಗೋಸ್ಲಾವಿಯಾದ ಇತಿಹಾಸವೆಲ್ಲ ಇತ್ತು. ಯಾಗೋದಾ ಓದಿಸಿಕೊಂಡು, "ಇದ್ರಲ್ಲಿ ನನ್ನಕ್ಕ ಎಲ್ಲಿ?" ಎಂದಳು.)

ಅಕ್ಕ ಸ್ಟಾನಿಕಾ. ಊರಿನ ಹಳೆ ಕಾರ್ಖಾನೆಯವರು ಶೀಶೆಗೆ ಅಂಟಿಸಲು ತೆಗೆಸಿದ ಫೋಟೋದಲ್ಲಿ ಅಕ್ಕತಂಗಿಯರು ಇಬ್ಬರೂ ಇದ್ದರು. ಅಕ್ಕ ತಂಗಿಯ ಹೆಗಲ ಮೇಲೆ ಕೈ ಇಟ್ಟಿದ್ದಳು. ಶೀಶೆ ದುಂಡಗಿತ್ತು, ಎರಡು ಮುಖಕ್ಕೆ ಜಾಗ ಸಾಲಲಿಲ್ಲ. ಒಬ್ಬಳನ್ನು ಕತ್ತರಿಸಿದರು. ಕತ್ತರಿ ಮಣಿಕಟ್ಟಿಗೆ ಬಂದು ನಿಂತಿತು. ಹೀಗಾಗಿ ದೇಶದ ಪ್ರತಿ ಮನೆಯ ಕಪಾಟಿನಲ್ಲೂ ಯಾಗೋದಾ ನಗುತ್ತಿದ್ದಳು, ಅವಳ ಹೆಗಲ ಮೇಲೆ ಯಾರದ್ದೋ ಒಂದು ಕೈ ಇತ್ತು.

ಪಾಕ ಅಕ್ಕನದು. ಮುಖ ತಂಗಿಯದು. ಸಂತೆಯಲ್ಲಿ ಜನ ಸ್ಟಾನಿಕಾಳಿಗೆ 'ಕೈ' ಎಂದೇ ಹೆಸರಿಟ್ಟರು. "ಏನ್ ಕೈಯವ್ರೇ, ತಂಗಿ ಹುಷಾರಾ?" ಯಾಗೋದಾ ಅಂದೇ ಕಾರ್ಖಾನೆಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಫೋಟೋದಲ್ಲಿ ಚೆನ್ನಾಗಿ ಬಂದಿದ್ದಳು.

ಸ್ಟಾನಿಕಾ ಈಗ ನೀಶ್‌ನಲ್ಲಿದ್ದಾಳೆ, ಬಸ್ಸಿನಲ್ಲಿ ಹೋದರೆ ಒಂದು ನಿದ್ದೆಯ ದೂರ. ತಾಯಿ ತೀರಿಕೊಂಡ ನಲವತ್ತನೆಯ ದಿನದ ಊಟಕ್ಕೆ ಬಂದವಳು ಏಳುವಾಗ ತಂಗಿಗೆ ಹೇಳಿದ ಕೊನೆಯ ಮಾತು: "ಇನ್ನು ನೀನು ಸತ್ತಾಗ ಬರ್ತೀನಿ."

೩

ಈಗ ಕಂಪನಿ. ಕಾರ್ಖಾನೆಯನ್ನು ಕೊಂಡವರು ಹೊರಗಿನವರು. ಹೆಸರು ಬರೆಯುವುದಿಲ್ಲ. ನಾನು ಕಥೆ ಮುಗಿಸುವಷ್ಟರಲ್ಲಿ ಅವರನ್ನು ಇನ್ನೊಬ್ಬರು ಕೊಂಡು ಹೆಸರು ಬದಲಾಯಿಸಿರುತ್ತಾರೆ.

ಈಗಿನ ಟ್ರೆಂಡು ಏನೆಂದರೆ, ಬ್ರ್ಯಾಂಡು ಕೂಗಬಾರದು, ಪಿಸುಗುಟ್ಟಬೇಕು. ಬಣ್ಣ ಬೇಡ. ಅಕ್ಷರ ಕಡಿಮೆ. ಮಾರುವ ವಸ್ತುವನ್ನಂತೂ ತೋರಿಸಲೇಬಾರದು. ದೂರದ ಯಾವುದೋ ಊರಿನಲ್ಲಿ, ನಮ್ಮ ಕಡೆಯ ವಿದ್ಯುತ್ ಕಂಬವನ್ನು ಜನ್ಮದಲ್ಲಿ ನೋಡದ ಒಬ್ಬರು ಪೋಸ್ಟರ್ ರೂಪಿಸಿದರು. ಬಿಳಿ ಹಾಳೆ, ತೆಳ್ಳನೆಯ ಕಪ್ಪು ಅಂಚು, ಕಪ್ಪುಬಿಳುಪು ಫೋಟೋ. ಕೆಳಗೆ 'ಯಾಗೋದಾ'. ಅದರ ಕೆಳಗೆ 'ಎಂದೆಂದಿಗೂ ನಮ್ಮೊಂದಿಗೆ'. ಮೂಲೆಯಲ್ಲಿ ಫೋನಿನಿಂದ ಸ್ಕ್ಯಾನ್ ಮಾಡುವ ಚೌಕ.

ಎಲ್ಲ ಊರುಗಳಿಗೂ ಕಟ್ಟು ಹೋಯಿತು. ನಮ್ಮೂರಿನ ಕಟ್ಟು ಊರಿನಲ್ಲಿ ಪೋಸ್ಟರ್ ಅಂಟಿಸುವವನಿಗೇ ಬಂತು. ಟಿಹೋಮಿರ್ ಇಷ್ಟು ವರ್ಷ ಅಂಟಿಸಿದ್ದು ಒಂದೇ ಬಗೆಯದು, ಸಾವಿನ ಚೀಟಿ: ಕಪ್ಪು ಅಂಚಿನೊಳಗೆ ಸತ್ತವರ ಫೋಟೋ, ಹೆಸರು. ಕಟ್ಟು ಬಿಚ್ಚಿ ನೋಡಿದ. ಕಪ್ಪು ಅಂಚು. ಪಕ್ಕದ ಬೀದಿಯ ಯಾಗೋದಾ. ನಿನ್ನೆ ತಾನೇ ಮೊಣಕಾಲು ತೋರಿಸುತ್ತೇನೆಂದು ಆಸ್ಪತ್ರೆಗೆ ಹೋಗಿದ್ದಳು. ಕುಳಿತು ಅತ್ತ. ಅತ್ತು ಎದ್ದು ಗೋಂದು ಕಲಸಿದ. ಎಲ್ಲಿ ಅಂಟಿಸಬೇಕೋ ಅಲ್ಲೆಲ್ಲ ಅಂಟಿಸಿದ: ಕಂಬಗಳಿಗೆ, ಸಂತೆಯ ಮರಗಳಿಗೆ, ಚರ್ಚಿನ ಗೇಟಿಗೆ, ಬೇಕರಿಯ ಬಾಗಿಲಿಗೆ. ಕೊನೆಯದು, ರೂಢಿಯಂತೆ, ತೀರಿಕೊಂಡವಳ ಮನೆಯ ಬಾಗಿಲಿಗೆ. ಮೇಲೆ ಕರಿ ಬಟ್ಟೆಯೊಂದನ್ನೂ ಸಿಕ್ಕಿಸಿದ.

(ಹೆಣ ಎಲ್ಲಿ ಎಂದು ಯಾರೂ ಕೇಳಲಿಲ್ಲವೇ ಎನ್ನುತ್ತೀರಿ. ಆಸ್ಪತ್ರೆಯಲ್ಲಿರುತ್ತದೆ ಎಂದುಕೊಂಡರು. ಕಂಬದ ಮೇಲೆ ಚೀಟಿ ಬಂದ ಮೇಲೆ ನಮ್ಮೂರಿನಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ.)

೪

ಬಾಗಿಲಲ್ಲಿ ಬ್ರಷ್ಷಿನ ಸದ್ದು ಕೇಳಿ ಯಾಗೋದಾ ಚಿಲಕ ತೆಗೆದಳು. ಒಳಗಿನ ಸರಪಳಿ ಹಾಕಿಯೇ ಇತ್ತು, ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು. ಟಿಹೋಮಿರ್ ಬೆನ್ನು ಮಾಡಿ ನಿಂತು ಫೋನಿನಲ್ಲಿದ್ದ.

"ಸ್ಟಾನಿಕಾ ಅಕ್ಕಾ... ಹೂಂ, ನಾನೇ. ಹೇಗೆ ಹೇಳ್ಲಿ... ನಮ್ ಯಾಗೋದಾ ಹೋಗ್ಬಿಟ್ಲು ಅಕ್ಕಾ." ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. "ಅಳಬೇಡಿ. ಅಕ್ಕಾ, ಅಳಬೇಡಿ ಅಂದ್ರೆ. ಬರ್ತೀರಾ? ಈಗ್ಲೇ ಹೊರಡ್ತೀರಾ?"

'ಏ ಮುಠ್ಠಾಳ' ಎಂದು ಬಾಯಿಯವರೆಗೆ ಬಂದಿದ್ದ ಮಾತನ್ನು ಯಾಗೋದಾ ನುಂಗಿಕೊಂಡಳು. ಸದ್ದಾಗದಂತೆ ಬಾಗಿಲು ಮುಚ್ಚಿದಳು. ಅಡುಗೆಮನೆಗೆ ಹೋಗಿ ಕದಡತೊಡಗಿದಳು. ಕಂಪನಿಯ ಹೊಸ ಪೋಸ್ಟರ್ ಇವತ್ತು ಬರುತ್ತದೆಂದು ಗೊತ್ತಿದ್ದವಳಿಗೆ ಏನಾಗಿದೆಯೆಂದು ಹೊಳೆಯಿತು. ಅಕ್ಕ ಅತ್ತಳಂತೆ. ಬರುತ್ತಾಳಂತೆ. ಬದುಕಿದ್ದೇನೆ ಎಂದು ಹೊರಗೆ ಹೋಗಿ ಕೂಗಿದರೆ ಸ್ಟಾನಿಕಾ ಅರ್ಧ ದಾರಿಯಲ್ಲಿ ಇಳಿದು ಹಿಂದಕ್ಕೆ ಹೋಗುತ್ತಾಳೆ. ಜಾಹೀರಾತಿಗಾಗಿ ಸಾವಿನ ನಾಟಕ ಆಡಿದಳು ಎಂದು, ನಿಜವಾಗಿ ಸತ್ತಾಗಲೂ ಬರುವುದಿಲ್ಲ. ಕೂಗದಿದ್ದರೆ ಬರುತ್ತಾಳೆ. ಬಂದ ಮೇಲೆ?

(ನನ್ನನ್ನು ಕೇಳಬೇಡಿ. ಇಲ್ಲಿಂದ ಮುಂದಿನ ದಾರಿ ನನಗೂ ಗೊತ್ತಿಲ್ಲ.)

೪, ಮತ್ತೊಮ್ಮೆ

"ನಿನ್ನೇ ಕೇಳೋದು," ಎಂದಳು ಯಾಗೋದಾ. "ಸಾಯ್ಸಿದ್ದು ಯಾರು, ನೀನೋ ಅವ್ರೋ?"

"ಕಂಪನಿಯವರು."

"ಮೊದಲ್ನೇ ಸಾಲಲ್ಲೇ 'ಸತ್ತ ಬೆಳಗು' ಅಂತ ಬರೆದೋನು ನೀನಲ್ವಾ?"

"ಅದು ಓದುಗರಿಗೋಸ್ಕರ."

"ಅವ್ರೂ ಗಿರಾಕಿಗೋಸ್ಕರ ಅಂತಾರೆ. ಏನ್ ವ್ಯತ್ಯಾಸ?"

ವ್ಯತ್ಯಾಸವಿದೆ. ಅವರಿಗೆ ಸಂಬಳ ಬರುತ್ತದೆ. ಆದರೆ ಅದನ್ನು ಹೇಳುವ ಮೊದಲೇ ಹಿಂಬಾಗಿಲು ತಟ್ಟಿದ ಸದ್ದಾಯಿತು.

೫

ಬಂದವಳು ಇಸಿದೋರಾ. ಬೆಲ್‌ಗ್ರೇಡಿನ ಹುಡುಗಿ, ಬಿಳಿ ಬೂಟು, ಕೆಂಪು ಕಣ್ಣು. ಅವಳ ಕಾರ್ಡಿನ ಮೇಲೆ 'ಬ್ರ್ಯಾಂಡ್ ಕಥೆಗಾರ್ತಿ' ಎಂದಿದೆ. (ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.) ಕಂಬಗಳನ್ನು ಕಂಡೊಡನೆ ಅವಳಿಗೆ ತಲೆ ತಿರುಗಿತ್ತಂತೆ.

"ಅಜ್ಜಿ, ಕ್ಷಮ್ಸಿ. ಡಿಸೈನ್ ಬಂದಾಗ್ಲೇ ಹೇಳ್ದೆ ನಾನು, ಇದು ಸಾವಿನ ಚೀಟಿ ಥರ ಇದೆ ಅಂತ. 'ಅದೇ ಬೇಕು, ಮೌನ ಇದೆ' ಅಂದ್ರು."

"ಈಗೇನಂತೆ?"

ಇಸಿದೋರಾ ಫೋನು ನೋಡಿದಳು, ನೆಲ ನೋಡಿದಳು. "ಈಗ... ನಿಮ್ಮ ಸಾವು ತುಂಬ ಚೆನ್ನಾಗ್ ಹೋಗ್ತಿದೆ ಅಜ್ಜಿ. ದೇಶ ಪೂರ್ತಿ ಶೇರ್ ಮಾಡ್ತಿದಾರೆ. ಅಂಗ್ಡೀಲಿ ಶೀಶೆ ಉಳಿದಿಲ್ಲ. ಅದಕ್ಕೆ ಮೇಲಿನೋರು ಕೇಳ್ತಿದಾರೆ... ಸ್ವಲ್ಪ ದಿನ ನೀವು ಹೊರಗೆ ಕಾಣಿಸ್ದೆ ಇರೋಕಾಗತ್ತಾ ಅಂತ."

"ಆಗತ್ತೆ."

"ಆಗತ್ತಾ?" ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದ ಹುಡುಗಿ ಕಂಗಾಲಾದಳು. "ಬೇಡ ಅನ್ನಿ ಅಜ್ಜಿ! ನೀವು ಬೇಡ ಅಂದ್ರೆ ನಾನೂ ಕೆಲ್ಸ ಬಿಡೋಣ ಅಂತಿದ್ದೆ."

"ನನ್ ಮೇಲೆ ಹಾಕ್ಬೇಡಮ್ಮ. ಬಿಡೋ ಹಾಗಿದ್ರೆ ನೀನೇ ಬಿಡು." ಯಾಗೋದಾ ಸೌಟು ಎತ್ತಿ ಹುಡುಗಿಯ ಫೋನಿನಲ್ಲಿದ್ದ ಪೋಸ್ಟರಿನ ಚಿತ್ರದತ್ತ ತೋರಿಸಿದಳು. "ಅದಿರ್ಲಿ, ಕೈ ಎಲ್ಲಿ?"

"ಯಾವ ಕೈ?"

"ಹೆಗಲ ಮೇಲಿಂದು."

"ಓ, ಅದಾ! ಸಾಫ್ಟ್‌ವೇರೇ ತೆಗ್ದಿದೆ. ಯಾರ್ದೋ ಕೈ ಅಡ್ಡ ಬಂದಿತ್ತಲ್ಲ, ಅಳಿಸಿ ಹೆಗಲನ್ನ ಹೊಸದಾಗಿ ಮಾಡಿದೆ. ಗೊತ್ತೇ ಆಗಲ್ಲ."

ಯಾಗೋದಾ ಎಡಗೈಯಿಂದ ತನ್ನ ಬಲ ಹೆಗಲನ್ನು ಮುಟ್ಟಿ ನೋಡಿಕೊಂಡಳು.

೬

ಪರದೆಯ ಸಂದಿನಿಂದ ಅವಳು ತನ್ನ ಸಾವನ್ನು ನೋಡಿದಳು. ಮೆಟ್ಟಿಲ ಮೇಲೆ ಜೋಡಿ ಜೋಡಿ ಹೂ ಬಂದು ಬಿದ್ದವು, ಬದುಕಿದ್ದವರಿಗೆ ನಮ್ಮಲ್ಲಿ ಯಾರೂ ಕೊಡದ ಸಮಸಂಖ್ಯೆಯ ಲೆಕ್ಕದಲ್ಲಿ. ಎದುರುಮನೆಯವನು ರಾಕಿಯಾ ಸಾರಾಯಿ ಕುಡಿಯುವ ಮೊದಲು ಸತ್ತವಳ ಪಾಲೆಂದು ಒಂದು ಹನಿ ನೆಲಕ್ಕೆ ಬಿಟ್ಟ. ಹೆಂಗಸೊಬ್ಬಳು ಪೋಸ್ಟರಿನ ಚೌಕಕ್ಕೆ ಫೋನು ಹಿಡಿದಳು. ಫೋನು ಯಾಗೋದಾಳ ದನಿಯಲ್ಲಿ, ಅವಳೆಂದೂ ಆಡದ ಮಾತು ಆಡಿತು:

"ಮಕ್ಕಳೇ, ನಾನು ಎಲ್ಲಿಗೂ ಹೋಗಿಲ್ಲ. ನಿಮ್ಮ ಊಟದ ಮೇಜಿನ ಮೇಲೇ ಇದ್ದೇನೆ."

ಹೆಂಗಸು ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. "ಅಯ್ಯೋ, ಅವಳ ದನೀನೇ! ಬದುಕಿದ್ದಾಗ ಇಷ್ಟು ಮೆತ್ತಗೆ ಮಾತಾಡ್ತಿರ್ಲಿಲ್ಲ, ಅಷ್ಟೇ."

"ಅಲ್ಲಿಗೆ ಹೋದ್ಮೇಲೆ ಮೆತ್ತಗಾಗಿರ್ತಾಳೆ," ಎಂದ ಎದುರುಮನೆಯವನು. "ನಮ್ಮೋಳಿಗೂ ಒಂದು ಸಿಗತ್ತಾ ಕೇಳ್ಬೇಕು."

ಅಷ್ಟರಲ್ಲಿ ಎಲ್ಲರೂ ಪಕ್ಕಕ್ಕೆ ಸರಿದರು. ಕರಿ ಬಟ್ಟೆ ತೊಟ್ಟ ಸ್ಟಾನಿಕಾ ಗೇಟು ದಾಟಿ ಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೀರಿಕೊಂಡವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿ. ಅವಳ ಮುಖ ಕಂಡು ಒಬ್ಬೊಬ್ಬರಾಗಿ ಹೊರಟುಹೋದರು. ಅವಳು ಬಾಗಿಲ ಮುಂದೆ ನಿಂತು ಪೋಸ್ಟರನ್ನು ನೋಡಿದಳು. ನೋಡುತ್ತಲೇ ಇದ್ದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

"ಕೈಯನ್ನೂ ತೆಗೆಸ್ಬಿಟ್ಯೇನೇ," ಎಂದಳು ಮೆಲ್ಲಗೆ. "ಅದೊಂದಿತ್ತು ನಂದು."

೭

ಅಂತ್ಯ ಇಲ್ಲಿ ಬೇಕು. ಮೂರು ಇವೆ, ಬೇಕಾದದ್ದನ್ನು ಆರಿಸಿಕೊಳ್ಳಿ.

ಅ) ಇಸಿದೋರಾಳದು. ಬಾಗಿಲು ತೆರೆಯುತ್ತದೆ, ಅಪ್ಪುಗೆ, ಕಣ್ಣೀರು, ನಡುವೆ ಶೀಶೆ. ಹಿಂಬಾಗಿಲಲ್ಲಿ ನಿಂತು ಅದನ್ನು ಚಿತ್ರೀಕರಿಸಲು ಅವಳು ಆಗಲೇ ಫೋನು ಎತ್ತಿ ಹಿಡಿದಿದ್ದಳು. ಆಮೇಲೆ ಇಳಿಸಿದಳು. ಯಾಕೆಂದು ಅವಳಿಗೂ ತಿಳಿಯಲಿಲ್ಲ.

ಆ) ನನ್ನದು. ಸ್ಟಾನಿಕಾ ಗೋಧಿ ಇಟ್ಟು ಹಿಂದಕ್ಕೆ ಹೋಗುತ್ತಾಳೆ, ಯಾಗೋದಾ ಮಾತಾಡುವುದೇ ಇಲ್ಲ. ಇಂಥದ್ದಕ್ಕೆ ಬಹುಮಾನ ಬರುತ್ತದೆ.

ಇ) "ನಿಮ್ಮಿಬ್ರ ತಲೆಗಿಷ್ಟು!" ಎಂದಳು ಯಾಗೋದಾ, ಮತ್ತು ಸೌಟು ಬಿಟ್ಟು ಬಾಗಿಲಿಗೆ ನಡೆದಳು.

೮

"ಸ್ಟಾನಿಕಾ," ಎಂದಳು ಮುಚ್ಚಿದ ಬಾಗಿಲ ಹಿಂದಿನಿಂದ. "ಅಕ್ಕಾ, ನಾನು ಸತ್ತಿಲ್ಲ."

ಹೊರಗೆ ಸ್ಟಾನಿಕಾ ತಲೆಯಾಡಿಸಿದಳು. "ಗೊತ್ತಮ್ಮ, ಗೊತ್ತು. ಮಾತಾಡೋ ಮಷೀನ್ ಇಟ್ಟಿದಾರೆ ಅಂತ ಬಸ್ಸಲ್ಲೇ ಹೇಳಿದ್ರು. ಎಲ್ಲಿಗೂ ಹೋಗಿಲ್ಲ ಅನ್ನತ್ತಂತೆ, ಮೇಜಿನ ಮೇಲೆ ಇದೀನಿ ಅನ್ನತ್ತಂತೆ."

"ಮಷೀನಲ್ಲ! ನಾನೇ!"

"ಎಷ್ಟ್ ಚೆನ್ನಾಗಿ ಮಾಡಿದಾರೆ," ಎಂದು ಸ್ಟಾನಿಕಾ ಮೂಗೊರೆಸಿಕೊಂಡಳು. "ಉತ್ರಾನೂ ಕೊಡತ್ತೆ."

ಯಾಗೋದಾ ಹಣೆಯನ್ನು ಬಾಗಿಲಿಗೆ ಒತ್ತಿಕೊಂಡಳು. ತಾನೇ ತಾನು ಎಂದು ಹೇಗೆ ಹೇಳುವುದು? ತಪ್ಪಾಯಿತು ಎಂದರೆ? ಮಷೀನೂ ಹೇಳೀತು, ಇನ್ನೂ ಮೆತ್ತಗೆ.

"ಗೋಧಿಗೆ ಸಕ್ರೆ ಸುರಿದಿರ್ತೀಯ, ನಂಗೊತ್ತು. ಅಮ್ಮನ್ ತಿಥಿಗೂ ಹಾಗೇ ಮಾಡಿದ್ದೆ. ಪಾದ್ರಿಗೆ ಹಲ್ಲುನೋವು ಬಂತು!"

ಹೊರಗಿನಿಂದ ಮೂಗಿನಲ್ಲಿ ಎರಡು ಸಲ ಗಾಳಿ ಎಳೆದ ಸದ್ದು.

"ಏನೋ ಅಡಿ ಹಿಡೀತಿದೆ," ಎಂದಳು ಸ್ಟಾನಿಕಾ.

ಯಾಗೋದಾ ತಿರುಗಿ ಅಡುಗೆಮನೆಯತ್ತ ನೋಡಿದಳು.

"ಐವಾರ್ ಅದು. ಹತ್ಕೊಂಡಿದೆ. ಒಳಗ್ಯಾರೋ ಸೌಟು ಬಿಟ್ಟು ಬಂದಿದಾರೆ." ಸ್ಟಾನಿಕಾಳ ದನಿ ಏರತೊಡಗಿತು. "ಸತ್ತೋರ ಮನೇಲಿ ಐವಾರ್ ಯಾರೇ ಕಾಯ್ಸೋರು? ಯಾಗೋದಾ! ಎಷ್ಟು ಸಲ ಹೇಳಿದೀನಿ, ಸೌಟು ಬಿಡ್ಬೇಡ ಅಂತ! ತೆಗಿಯೇ ಬಾಗ್ಲು!"

ಯಾಗೋದಾ ಚಿಲಕ ಎಳೆದಳು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು ಸರಪಳಿಗೆ ಸಿಕ್ಕಿ ನಿಂತಿತು. ಆ ಸಂದಿನಿಂದ ಒಂದು ಕೈ ಒಳಗೆ ಬಂತು. ಮಣಿಕಟ್ಟಿನವರೆಗೆ ಮಾತ್ರ. ಅದರಾಚೆ ಏನೂ ಕಾಣುತ್ತಿರಲಿಲ್ಲ. ಮೂವತ್ತು ವರ್ಷ ಹಳೆಯದಾದ ಅದೇ ಕೈ, ಗಾಳಿಯಲ್ಲಿ ತಡಕಾಡಿ, ಸಿಕ್ಕಿದ್ದನ್ನು ಹಿಡಿದುಕೊಂಡಿತು. ಸಿಕ್ಕಿದ್ದು ಹೆಗಲು. ಹಿಡಿದದ್ದು ಅಪ್ಪಿಕೊಳ್ಳಲಿಕ್ಕೋ, ಅಲುಗಾಡಿಸಿ ಬಾರಿಸಲಿಕ್ಕೋ, ಇದು ಫೋನಲ್ಲ ಮೈ ಎಂದು ಖಾತ್ರಿ ಮಾಡಿಕೊಳ್ಳಲಿಕ್ಕೋ, ಹಿಡಿತದಿಂದ ತಿಳಿಯುವಂತಿರಲಿಲ್ಲ.

ಸರಪಳಿ ತೆಗೆಯಬೇಕಾದರೆ ಮೊದಲು ಬಾಗಿಲು ಮುಚ್ಚಬೇಕು. ಮುಚ್ಚಬೇಕಾದರೆ ಕೈ ಹೊರಗೆ ಹೋಗಬೇಕು.

"ಅಕ್ಕಾ, ಕೈ ತೆಗಿ."

"ತೆಗಿಯಲ್ಲ."

"ತೆಗೆದ್ರೆ ತಾನೇ ಬಾಗ್ಲು ತೆಗಿಯೋದು!"

"ಒಂದ್ಸಲ ತೆಗೆಸಿದ್ದು ಸಾಲ್ದಾ?"

ಅಡುಗೆಮನೆಯಿಂದ ಹೊಗೆ ಬರುತ್ತಿದೆ. (ಇಲ್ಲಿ ನಿಲ್ಲಿಸಿದರೆ ನಾನೂ ಮಣಿಕಟ್ಟಿನಲ್ಲೇ ಕತ್ತರಿಸಿದಂತೆ. ನಿಲ್ಲಿಸದಿದ್ದರೆ ಯಾವುದಾದರೊಂದು ಅಂತ್ಯ ಬರೆಯಬೇಕು. ಇಸಿದೋರಾ, ನೀನೇ ಹೇಳಮ್ಮ. ಅವಳು ಹಿಂಬಾಗಿಲಲ್ಲಿಲ್ಲ. ಒಲೆಯ ಮುಂದೆ ನಿಂತು, ಹೇಗೆ ಕದಡಬೇಕೆಂದು ತಿಳಿಯದೆ ಸೌಟು ಹಿಡಿದುಕೊಂಡಿದ್ದಾಳೆ.)

"ತೆಗಿಯೇ ಅಕ್ಕಾ."

"ನೀನ್ ಮೊದ್ಲು ಸರಪಳಿ ತೆಗಿ."